ಒಂದು ಪೆನ್ ಡ್ರೈವ್ ಕಿತ್ತರೆ ಸಾವಿರದ ನಾನೂರು ವರ್ಷ

ಬನಹಟ್ಟಿಯ ಯಾವುದೇ ಓಣಿಗೆ ಹೋಗಿ ನಿಂತರೂ ಕಿವಿಗೆ ಬೀಳುವ ಮಗ್ಗದ ಸದ್ದಿನಿಂದಲೇ ಲೆಕ್ಕ ಶುರುಮಾಡೋಣ. ಸಾಧಾರಣ ವಿದ್ಯುತ್ ಮಗ್ಗ ಸೆಕೆಂಡಿಗೆ ಎರಡು ಹೊಕ್ಕು ಹಾಕುತ್ತದೆ, ನಿಮಿಷಕ್ಕೆ 120. ಕೆಲವು ಇನ್ನೂ ಜೋರು, ಕೆಲವು ಸಾವಕಾಶ. ಲೆಕ್ಕಕ್ಕೆ 120 ಇರಲಿ. ಅದೇ ಓಣಿಯ ಕಂಪ್ಯೂಟರ್ ಅಂಗಡಿಯಲ್ಲಿರುವ 3 ಗಿಗಾಹರ್ಟ್ಸ್ ಪ್ರೊಸೆಸರ್ ಸೆಕೆಂಡಿಗೆ 300 ಕೋಟಿ ಸಲ ಮಿಡಿಯುತ್ತದೆ. ಒಂದು ಮಿಡಿತಕ್ಕೆ ಒಂದು ಹೊಕ್ಕು ಎಂದು ಸರಿಗಟ್ಟಿ ನೋಡಿ. ಪ್ರೊಸೆಸರ್ ಒಂದೇ ಸೆಕೆಂಡಿನಲ್ಲಿ ಮುಗಿಸಿದ ಎಣಿಕೆಯನ್ನು ಮಗ್ಗ ಮುಗಿಸಬೇಕಾದರೆ ಹಗಲು ರಾತ್ರಿ, ಹಬ್ಬ ಅಮಾವಾಸ್ಯೆ ಎನ್ನದೆ ನಡೆದರೂ 47 ವರ್ಷ ಆರು ತಿಂಗಳು ಬೇಕು! ಹದಿನೆಂಟಕ್ಕೆ ಮಗ್ಗಕ್ಕಿಳಿದ ನೇಕಾರ ಅಷ್ಟರಲ್ಲಿ ಅರವತ್ತೈದು ಮುಟ್ಟಿರುತ್ತಾನೆ.

ಈ ಮಗ್ಗದ ಗಡಿಯಾರವನ್ನು ಪಕ್ಕದಲ್ಲಿಟ್ಟುಕೊಂಡು ಒಂದು ಪೆನ್ ಡ್ರೈವ್ ಕೀಳೋಣ. ಕಿತ್ತ ಮರುಕ್ಷಣವೇ ಲಿನಕ್ಸ್ ಕಂಪ್ಯೂಟರಿನ ದಾಖಲೆಯಲ್ಲಿ ಸಾಲುಗಳು ಏಳುತ್ತವೆ: ಮೈನಸ್ 71, ಮತ್ತೆ ಮೈನಸ್ 71, ಮತ್ತೆ ಮೈನಸ್ 71, ಕೊನೆಗೆ ‘ಯುಎಸ್‌ಬಿ ಡಿಸ್ಕನೆಕ್ಟ್, ಡಿವೈಸ್ ನಂಬರ್ 5’. ಮೈನಸ್ 71 ಎಂದರೆ ಮಾತುಕತೆಯ ಕ್ರಮ ತಪ್ಪಿದೆ ಎಂಬ ದೂರು. ನಮ್ಮ ಕಣ್ಣಿಗೆ ಇವೆಲ್ಲ ಒಂದೇ ಏಟಿಗೆ ಬಿದ್ದ ಸಾಲುಗಳು. ಮಗ್ಗದ ಗಡಿಯಾರದಲ್ಲಿ ನೋಡಿದರೆ ಒಂದೊಂದು ಸಾಲಿನ ಹಿಂದೆಯೂ ಒಂದೊಂದು ಕಾಲಮಾನವೇ ಇದೆ.

ಮೊದಲು ಚಿಕ್ಕದು. ಹಳೆಯ ವೇಗದ, ಅಂದರೆ ಮೌಸ್ ಕೀಬೋರ್ಡ್‌ಗಳಂಥ ಸಾಧನವನ್ನು ಕಿತ್ತಾಗ ತಂತಿ ಖಾಲಿಯಾಗಿದೆ ಎಂದು ತೀರ್ಮಾನಿಸಲು ಪೋರ್ಟ್ ತೆಗೆದುಕೊಳ್ಳುವ ಸಮಯ ಸುಮಾರು 2.5 ಮೈಕ್ರೋಸೆಕೆಂಡ್. ಸೆಕೆಂಡನ್ನು 4 ಲಕ್ಷ ಚೂರು ಮಾಡಿದರೆ ಅದರಲ್ಲೊಂದು ಚೂರು. ಅಷ್ಟರಲ್ಲಿ ಬೆಳಕು ಮುಕ್ಕಾಲು ಕಿಲೋಮೀಟರ್ ಓಡಿರುತ್ತದೆ, ಪ್ರೊಸೆಸರ್ 7,500 ಸಲ ಮಿಡಿದಿರುತ್ತದೆ, ನಮ್ಮ ಮಗ್ಗ ಒಂದು ತಾಸಿನ ಮೇಲೆ ಎರಡೂವರೆ ನಿಮಿಷ ನಡೆದಿರುತ್ತದೆ.

ವೇಗದ ಪೆನ್ ಡ್ರೈವ್ ಆದರೆ ಲೆಕ್ಕ ಬೇರೆ. ಯುಎಸ್‌ಬಿ 2.0ರ ಹೈಸ್ಪೀಡ್ ತಂತಿಯಲ್ಲಿ ಸೆಕೆಂಡಿಗೆ 8,000 ತಾಳ. ಒಂದು ತಾಳಕ್ಕೆ 125 ಮೈಕ್ರೋಸೆಕೆಂಡ್. ಆಚೆ ತುದಿ ಇದೆಯೋ ಇಲ್ಲವೋ ಎಂದು ಪೋರ್ಟುಗಳನ್ನು ನೋಡಿಕೊಳ್ಳುವ ಹಬ್ ವಿಚಾರಿಸುವುದು ತಾಳಕ್ಕೊಮ್ಮೆ. ಬನಹಟ್ಟಿಯಿಂದ ಹೊರಟ ಬೆಳಕು ಒಂದು ತಾಳ ಮುಗಿಯುವಷ್ಟರಲ್ಲಿ 37 ಕಿಲೋಮೀಟರ್ ಓಡಿ, ಜಮಖಂಡಿಯನ್ನು ಹಿಂದೆ ಹಾಕಿ ಬೀಳಗಿಯ ದಿಕ್ಕಿಗೆ ಹೋಗುತ್ತಿರುತ್ತದೆ. ಮಗ್ಗದ ಲೆಕ್ಕದಲ್ಲಿ ಅದು 52 ತಾಸು: ಎರಡು ಹಗಲು, ಎರಡು ರಾತ್ರಿ, ಮೇಲೆ ನಾಲ್ಕು ತಾಸು.

ಇನ್ನು ಲೋಹದ ಲೆಕ್ಕ. ಯುಎಸ್‌ಬಿಯ ಚಪ್ಪಟೆ ಪ್ಲಗ್ಗನ್ನು ಬೆಳಕಿಗೆ ಹಿಡಿದು ನೋಡಿ. ಒಳಗೆ ನಾಲ್ಕು ಪಟ್ಟಿಗಳಿವೆ. ಅಂಚಿನ ಎರಡು ವಿದ್ಯುತ್ತಿಗೆ, ನಡುವಿನ ಎರಡು ಮಾಹಿತಿಗೆ. ವಿದ್ಯುತ್ತಿನ ಪಟ್ಟಿ 7.41 ಮಿಲಿಮೀಟರ್, ಮಾಹಿತಿಯದು 6.41. ಆ ಒಂದು ಮಿಲಿಮೀಟರಿನಿಂದಾಗಿ, ಕಿತ್ತಾಗ ಮೊದಲು ಮಾತು ನಿಲ್ಲುತ್ತದೆ, ಆಮೇಲೆ ಜೀವ ಹೋಗುತ್ತದೆ. ಕೈ ಸೆಕೆಂಡಿಗೆ ಒಂದು ಮೀಟರ್ ವೇಗದಲ್ಲಿ ಎಳೆದರೆ ಈ ಅಂತರ ಒಂದು ಮಿಲಿಸೆಕೆಂಡ್. ಪ್ರೊಸೆಸರಿಗೆ 30 ಲಕ್ಷ ಮಿಡಿತ, ಮಗ್ಗಕ್ಕೆ ಹದಿನೇಳು ದಿನ! ಹದಿನೇಳು ದಿನ ಆ ಪೆನ್ ಡ್ರೈವಿಗೆ ಜೀವವಿದೆ, ಬಾಯಿ ಇಲ್ಲ. ದಾರಿ ತೆರೆದಿದ್ದರೆ ಅಷ್ಟೇ ಹೊತ್ತಿನಲ್ಲಿ, ಕಾಗದದ ಮೇಲಿನ ವೇಗದ ಪ್ರಕಾರ, 60,000 ಬೈಟ್ ಹಾದು ಹೋಗುತ್ತಿತ್ತು. ಯೂನಿಕೋಡ್ ಕನ್ನಡದಲ್ಲಿ ಬಿಡಿ ಚಿಹ್ನೆಯೊಂದಕ್ಕೆ ಮೂರು ಬೈಟ್ ಎಂದರೆ 20,000 ಚಿಹ್ನೆ. ನೀವು ಓದುತ್ತಿರುವ ಇಡೀ ಲೇಖನ ಆ ಒಂದು ಮಿಲಿಮೀಟರಿನ ಸಂದಿಯಲ್ಲಿ ದಾಟಿ ಹೋಗುತ್ತಿತ್ತು.

ನನಗೆ ಎಲ್ಲಕ್ಕಿಂತ ರೋಮಾಂಚನ ತರುವುದು ಮುಂದಿನ ಸಂಖ್ಯೆ: 2,048. ಪೆನ್ ಡ್ರೈವ್ ಹೊರಗಿನ ಹಬ್ಬಿಗೆ ಸಿಕ್ಕಿಸಿದ್ದಾದರೆ, ಕಿತ್ತದ್ದು ಹಬ್ಬಿಗೆ ಗೊತ್ತಾದರೂ ಕಂಪ್ಯೂಟರಿಗೆ ಗೊತ್ತಾಗುವುದಿಲ್ಲ. ಕಂಪ್ಯೂಟರ್ ತಾನಾಗಿ ಕೇಳುವವರೆಗೆ ಹಬ್ ಹೇಳುವಂತಿಲ್ಲ. ಕೇಳುವುದು 2,048 ತಾಳಕ್ಕೊಮ್ಮೆ, ಅಂದರೆ 256 ಮಿಲಿಸೆಕೆಂಡಿಗೊಮ್ಮೆ. ಹೆಚ್ಚೆಂದರೆ ಕಾಲು ಸೆಕೆಂಡು, ಕಣ್ಣು ಮಿಟುಕಿಸುವಷ್ಟು. ಅಷ್ಟರಲ್ಲಿ ಬೆಳಕು 76,700 ಕಿಲೋಮೀಟರ್ ಓಡಿ ಭೂಮಿಗೆ ಎರಡು ಸುತ್ತು ಹತ್ತಿರ ಹತ್ತಿರ ಮುಗಿಸಿರುತ್ತದೆ. ಪ್ರೊಸೆಸರ್ 76 ಕೋಟಿ 80 ಲಕ್ಷ ಸಲ ಮಿಡಿದಿರುತ್ತದೆ. ಮಗ್ಗ ಹನ್ನೆರಡು ವರ್ಷ ನಡೆದಿರುತ್ತದೆ. ಹನ್ನೆರಡು ವರ್ಷ ಡ್ರೈವರ್, ಅಂದರೆ ಸಾಧನವನ್ನು ನಡೆಸುವ ತಂತ್ರಾಂಶ, ಅಲ್ಲಿಲ್ಲದ ಪೆನ್ ಡ್ರೈವಿನೊಡನೆ ಮಾತಾಡುತ್ತಲೇ ಇರುತ್ತದೆ. ಉತ್ತರ ಬರದೆ ಮೈನಸ್ 71, ಮೈನಸ್ 71 ಎಂದು ಬರೆದಿಡುತ್ತಲೇ ಇರುತ್ತದೆ. ಅದು ಕೆಟ್ಟಿಲ್ಲ. ಸುದ್ದಿ ಇನ್ನೂ ಮುಟ್ಟಿಲ್ಲ, ಅಷ್ಟೇ.

ಪೆನ್ ಡ್ರೈವ್ ಎಂದಾಗ ಬನಹಟ್ಟಿ, ರಬಕವಿಗಳಂಥ ನೇಕಾರಿಕೆಯ ಊರಿನವರಿಗೆ ಇನ್ನೊಂದು ಲೆಕ್ಕ ಹೇಳಲೇಬೇಕು. ಎಲೆಕ್ಟ್ರಾನಿಕ್ ಜಕಾರ್ಡ್ ಕೂಡಿಸಿದ ಮಗ್ಗಕ್ಕೆ ಈಗ ಸೀರೆಯ ಸೆರಗಿನ ನಕ್ಷೆ ಬರುವುದೇ ಪೆನ್ ಡ್ರೈವಿನಲ್ಲಿ. ಹಿಂದೆ ಆ ಕೆಲಸಕ್ಕೆ ರಟ್ಟಿನ ಕಾರ್ಡು. 1804ರಲ್ಲಿ ಫ್ರಾನ್ಸಿನ ಜೋಸೆಫ್ ಮರಿ ಜಕಾರ್ಡ್ ತಂದ ಯಂತ್ರದಲ್ಲಿ ತೂತು ಇದ್ದರೆ ಎಳೆ ಮೇಲೆ, ಇಲ್ಲದಿದ್ದರೆ ಕೆಳಗೆ. ಆತನದೇ ಭಾವಚಿತ್ರವನ್ನು 1839ರಲ್ಲಿ ರೇಷ್ಮೆಯಲ್ಲಿ ನೇಯ್ದಾಗ ಬೇಕಾದದ್ದು 24,000 ಕಾರ್ಡು. ಅಬ್ಬಾ ಎನಿಸುತ್ತದೆ ಅಲ್ಲವೇ? 400 ಕೊಕ್ಕೆಯ ಜಕಾರ್ಡಿನ ಒಂದು ಕಾರ್ಡೆಂದರೆ ಕಂಪ್ಯೂಟರಿನ ಭಾಷೆಯಲ್ಲಿ 50 ಬೈಟ್. 32 ಗಿಗಾಬೈಟಿನ ಪೆನ್ ಡ್ರೈವಿನಲ್ಲಿ ಅಂಥ 64 ಕೋಟಿ ಕಾರ್ಡು ಹಿಡಿಯುತ್ತವೆ. ಕಾರ್ಡು ಅರ್ಧ ಮಿಲಿಮೀಟರ್ ದಪ್ಪವೆಂದು ಇಟ್ಟುಕೊಂಡು ಒಂದರ ಮೇಲೊಂದು ಪೇರಿಸಿದರೆ 320 ಕಿಲೋಮೀಟರ್ ಎತ್ತರ, 36 ಎವರೆಸ್ಟ್! ಹೊಕ್ಕಿಗೊಂದು ಕಾರ್ಡಿನಂತೆ ಮಗ್ಗ ನಡೆಸಿದರೆ ಒಂದೇ ಒಂದು ಕಾರ್ಡು ಮರುಕಳಿಸದೆ ಹತ್ತು ವರ್ಷ ನೇಯಬಹುದು. ಇಷ್ಟನ್ನೂ ಹೊತ್ತ ಬೆರಳುದ್ದದ ವಸ್ತುವನ್ನು ನಾವು ‘ಸೇಫ್ಲಿ ರಿಮೂವ್’ ಒತ್ತದೆ ಎಳೆದುಬಿಡುತ್ತೇವೆ.

ಹಾಗೆ ಎಳೆಯಲು ಬರುವಂತೆಯೇ ಅದನ್ನು ಮಾಡಿದ್ದಾರೆ ಎಂಬುದೂ ನಿಜ. ಯುಎಸ್‌ಬಿಯ ಮೊದಲ ಆವೃತ್ತಿ ಹೊರಬಂದದ್ದು 1996ರ ಜನವರಿಯಲ್ಲಿ. ಅದನ್ನು ರೂಪಿಸಿದವರಲ್ಲಿ ಮುಂಚೂಣಿಯಲ್ಲಿದ್ದವರು ವಡೋದರಾದಲ್ಲಿ ಓದಿ ಬೆಳೆದು ಇಂಟೆಲ್ ಸೇರಿದ ಅಜಯ್ ಭಟ್. ಆಗ ಗರಿಷ್ಠ ವೇಗ ಸೆಕೆಂಡಿಗೆ 1.2 ಕೋಟಿ ಬಿಟ್. 2022ರ ಆವೃತ್ತಿಯಲ್ಲಿ 8,000 ಕೋಟಿ. ಇಪ್ಪತ್ತಾರು ವರ್ಷದಲ್ಲಿ 6,600 ಪಟ್ಟು ಮೀರಿತು. ಮಗ್ಗವೂ ಅದೇ ವೇಗ ಹಿಡಿದಿದ್ದರೆ ಇವತ್ತು ಬನಹಟ್ಟಿಯ ಒಂದೊಂದು ಮಗ್ಗ ನಿಮಿಷಕ್ಕೆ 8 ಲಕ್ಷ ಹೊಕ್ಕು ಹಾಕಬೇಕಿತ್ತು. ಇಂಚಿಗೆ 60 ಹೊಕ್ಕಿನ, ಐದೂವರೆ ಮೀಟರಿನ ಸೀರೆಯಾದರೆ ಸೆಕೆಂಡಿಗೊಂದು ಸೀರೆ ಕೆಳಗೆ ಬೀಳುತ್ತಿತ್ತು.

ಒಂದು ಯುಎಸ್‌ಬಿ ಜಾಲಕ್ಕೆ 127 ಸಾಧನ ಕೂಡಿಸಬಹುದು. ತಾಯಿ ಹಬ್ ಒಂದನ್ನು ಕಿತ್ತರೆ ಅದರಡಿಯ ಸಾಧನಗಳೆಲ್ಲ ಒಟ್ಟಿಗೇ ಮಾಯ. ಒಂದೊಂದಕ್ಕೂ ಒಂದೊಂದು ವಿದಾಯದ ಸಾಲು. ಪ್ರತಿ ಸಾಧನಕ್ಕೂ ತಯಾರಕರ ಸಂಖ್ಯೆ 65,536ರಲ್ಲಿ ಒಂದು, ಮಾದರಿಯ ಸಂಖ್ಯೆ 65,536ರಲ್ಲಿ ಒಂದು. ಗುಣಿಸಿದರೆ 429 ಕೋಟಿ ಬೇರೆ ಬೇರೆ ಗುರುತು ಸಾಧ್ಯ. ಸಾಧನ ತನ್ನ ಹೆಸರನ್ನು ಯಾವ ಭಾಷೆಯಲ್ಲಿ ಹೇಳುತ್ತದೆ ಎಂಬುದಕ್ಕೂ ಸಂಖ್ಯೆಯಿದೆ, ಮತ್ತು ಆ ಪಟ್ಟಿಯಲ್ಲಿ ಕನ್ನಡವೂ ಇದೆ: 1099. ಪೆನ್ ಡ್ರೈವೊಂದು ಕಂಪ್ಯೂಟರಿಗೆ ತನ್ನ ಹೆಸರನ್ನು 126 ಚಿಹ್ನೆಗಳವರೆಗೆ ಕನ್ನಡದಲ್ಲೇ ಹೇಳಿಕೊಳ್ಳಬಹುದು. ನಮ್ಮ ನೇಕಾರ ಸಂಘಗಳ ಜಕಾರ್ಡ್ ಪೆಟ್ಟಿಗೆಗಳು ಹಾಗೆ ಹೇಳಿಕೊಳ್ಳುವುದನ್ನು ನೋಡುವಾಸೆ ನನಗಿದೆ.

ಮತ್ತೆ ದಾಖಲೆಯ ದೂರುಗಳಿಗೆ ಬರೋಣ, ಏಕೆಂದರೆ ಇನ್ನು ಮುಂದೆ ಸಂಖ್ಯೆಗಳಿಗೆ ರೆಕ್ಕೆ ಬರುತ್ತದೆ. ಸರಿಯಾಗಿ ಬರೆದ ಡ್ರೈವರ್ ಕೆಲವು ಸಲ ಉತ್ತರ ಸಿಗದಿದ್ದರೆ ಸುಮ್ಮನಾಗುತ್ತದೆ. ತಪ್ಪಾಗಿ ಬರೆದದ್ದು ಸೋತ ಕೋರಿಕೆಯನ್ನೇ ಮತ್ತೆ ಮತ್ತೆ ಕಳಿಸುತ್ತದೆ, ಪ್ರತಿ ಸಲವೂ ದೂರು ಬರೆಯುತ್ತದೆ. ತಾಳಕ್ಕೊಂದು ಸಾಲು ಎಂದಿಟ್ಟುಕೊಳ್ಳಿ: ಸೆಕೆಂಡಿಗೆ 8,000 ಸಾಲು. ಲಿನಕ್ಸಿನ ತಿರುಳಾದ ಕರ್ನೆಲ್ ತನ್ನ ಮಾತು ಬರೆದಿಡುವ ಹಲಗೆಯಲ್ಲಿ ಅನೇಕ ಕಂಪ್ಯೂಟರುಗಳಲ್ಲಿ ಜಾಗವಿರುವುದು 2,62,144 ಬೈಟಿಗೆ. ಸಾಲಿಗೆ ನೂರು ಬೈಟ್ ಹಿಡಿದರೆ 2,621 ಸಾಲು. ಸೆಕೆಂಡಿನ ಮೂರನೇ ಒಂದು ಪಾಲಿನಲ್ಲಿ ಹಲಗೆ ತುಂಬಿ, ಹೊಸ ಸಾಲು ಹಳೆಯದನ್ನು ಅಳಿಸಲು ಶುರುಮಾಡುತ್ತದೆ. ದೋಷ ಹುಡುಕುವವರಿಗೆ ಬೇಕಾದದ್ದು ಮೊಟ್ಟಮೊದಲ ಸಾಲು. ಕಾರಣ ಇರುವುದು ಅದರಲ್ಲಿ. ಅದೇ ಮೊದಲು ಅಳಿಸಿಹೋಗುತ್ತದೆ.

ರಾತ್ರಿ ಅಂಗಡಿ ಮುಚ್ಚುವಾಗ ಬೆರಳ ಗುರುತು ಓದುವ ಯಂತ್ರದ ತಂತಿ ಕಿತ್ತು, ಕಂಪ್ಯೂಟರ್ ಹಾಗೇ ಬಿಟ್ಟು ಹೋದರೆಂದುಕೊಳ್ಳಿ. ಇಂಥ ಡ್ರೈವರ್ ಎಂಟು ತಾಸಿನಲ್ಲಿ 23 ಕೋಟಿ ಸಾಲು ಬರೆಯಬಲ್ಲದು. ಎಲ್ಲವೂ ಡಿಸ್ಕಿಗೆ ಹೋದರೆ 23 ಗಿಗಾಬೈಟ್. ಪುಟಕ್ಕೆ 50 ಸಾಲಿನಂತೆ ಮುದ್ರಿಸಿದರೆ 46 ಲಕ್ಷ ಹಾಳೆ, 23 ಟನ್ ಕಾಗದ. ಮೈಸೂರು ದಸರೆಯಲ್ಲಿ ಆನೆ ಹೊರುವ ಚಿನ್ನದ ಅಂಬಾರಿ 750 ಕಿಲೋ. ಇದು 30 ಅಂಬಾರಿಯ ತೂಕ. ಹಾಳೆಗಳನ್ನು ಪೇರಿಸಿದರೆ 460 ಮೀಟರ್. ವಿಜಯಪುರದ ಗೋಳಗುಮ್ಮಟದ ಎತ್ತರ 51 ಮೀಟರ್. ಒಂದರ ತಲೆಯ ಮೇಲೊಂದು ಒಂಬತ್ತು ಗೋಳಗುಮ್ಮಟ, ಒಂದೇ ರಾತ್ರಿಯಲ್ಲಿ, ಒಂದೇ ತಂತಿ ಕಿತ್ತದ್ದಕ್ಕೆ!

ಇದನ್ನು ತಡೆಯಲು ಕರ್ನೆಲ್ಲಿನಲ್ಲಿ ಒಂದು ಮಿತಿ ಇದೆ. ಅದನ್ನು ಬಳಸುವ ಡ್ರೈವರಿನ ದೂರು ಐದು ಸೆಕೆಂಡಿಗೆ ಹತ್ತು ಮಾತ್ರ ದಾಖಲಾಗುತ್ತದೆ. ಉಳಿದವನ್ನು ನುಂಗಿ, ಎಷ್ಟು ನುಂಗಿದೆ ಎಂದು ಆಮೇಲೆ ಒಂದು ಸಾಲಿನಲ್ಲಿ ಹೇಳುತ್ತದೆ. ಐದು ಸೆಕೆಂಡಿಗೆ 40,000 ದೂರು ಬಂದರೆ ಒಳಗೆ ಹೋಗುವುದು 10, ಬಾಗಿಲಲ್ಲೇ ನಿಲ್ಲುವುದು 39,990.

ಈಗ ಕಾಯುವಿಕೆಯ ಲೆಕ್ಕ. ಪೂರ್ತಿ ಕಿತ್ತ ಪೆನ್ ಡ್ರೈವಿಗಿಂತ ಕಷ್ಟದ್ದು ಸಡಿಲಾದದ್ದು: ಪೋರ್ಟಿನಲ್ಲಿ ಇದೆ, ಮಾತಿಗೆ ಓಗೊಡುವುದಿಲ್ಲ. ಅಂಥ ಡ್ರೈವಿಗೆ ಕೊಟ್ಟ ಒಂದು ಆಜ್ಞೆಗೆ ಉತ್ತರ ಬರಲೆಂದು ಲಿನಕ್ಸ್ ಸಾಮಾನ್ಯವಾಗಿ ಕಾಯುವುದು 30 ಸೆಕೆಂಡ್. ಮಗ್ಗದ ಗಡಿಯಾರದಲ್ಲಿ ಅದು 1,426 ವರ್ಷ. ಹಾಗಾದರೆ ಆ ಮಗ್ಗದ ಮೊದಲ ಹೊಕ್ಕು ಬಿದ್ದದ್ದು ಬಾದಾಮಿ ಚಾಲುಕ್ಯರ ಕಾಲಕ್ಕೆ, ಕ್ರಿ.ಶ. 600ರ ಆಸುಪಾಸಿಗೆ. ಒಂದು ಸೆಕೆಂಡ್ ತುಂಬುವ ಮೊದಲೇ, 634ರಲ್ಲಿ, ಐಹೊಳೆಯ ಮೇಗುತಿ ಬಸದಿಯಲ್ಲಿ ರವಿಕೀರ್ತಿ ರಚಿಸಿದ ಪುಲಕೇಶಿಯ ಶಾಸನ ಕಲ್ಲಿಗೆ ಏರುತ್ತದೆ. ಏಳೂವರೆ ಸೆಕೆಂಡಿಗೆ ಮುಧೋಳದಲ್ಲಿ ರನ್ನ ಹುಟ್ಟುತ್ತಾನೆ. ಹನ್ನೆರಡಕ್ಕೆ ಕಲ್ಯಾಣದಲ್ಲಿ ಬಸವಣ್ಣ. ಹದಿನೈದೂವರೆಗೆ ವಿಜಯನಗರ. ಇಪ್ಪತ್ತೆರಡಕ್ಕೆ ಗೋಳಗುಮ್ಮಟ ಪೂರ್ತಿಯಾಗುತ್ತದೆ. ಡ್ರೈವರ್ ಇನ್ನೂ ಕಾಯುತ್ತಲೇ ಇದೆ. ಯುಎಸ್‌ಬಿ ಎಂಬುದು ಹುಟ್ಟುವುದೇ ಕೊನೆಯ ಅರ್ಧ ಸೆಕೆಂಡ್ ಚಿಲ್ಲರೆಯಲ್ಲಿ! ಆಮೇಲೆ ಪರದೆಯ ಮೇಲೆ ಟೈಮ್ ಔಟ್ ಎಂಬ ಸಾಲು ಬೀಳುತ್ತದೆ.

ಅಷ್ಟಕ್ಕೇ ಬೆರಗಾದರೆ ಹೇಗೆ? ಡ್ರೈವರ್ ಎಲ್ಲೋ ಬೀಗ ಹಾಕಿಕೊಂಡು ಸಿಕ್ಕಿಬಿದ್ದರೆ ಕರ್ನೆಲ್ಲಿನ ಇನ್ನೊಂದು ಕಾವಲುಗಾರ ಎಚ್ಚರಿಸುತ್ತದೆ: ಈ ಕೆಲಸ 120 ಸೆಕೆಂಡಿಗಿಂತ ಹೆಚ್ಚು ಹೊತ್ತು ನಿಂತಿದೆ ಎಂದು. 36,000 ಕೋಟಿ ಮಿಡಿತ. ಮಗ್ಗಕ್ಕೆ 5,700 ವರ್ಷ. ಹರಪ್ಪಾ, ಮೊಹೆಂಜೊದಾರೊಗಳ ಇಟ್ಟಿಗೆ ಬೀದಿಗಳು ಎದ್ದದ್ದು ಕ್ರಿ.ಪೂ. 2600ರ ಹೊತ್ತಿಗೆ, ಅದಕ್ಕೂ ಸಾವಿರ ವರ್ಷ ಮೊದಲೇ ಈ ಮಗ್ಗ ಶುರುವಾಗಿರಬೇಕು. ಇಷ್ಟು ಕಾದ ಮೇಲೂ ಅದು ಬರೀ ಎಚ್ಚರಿಕೆ. ಬೇರೆ ಹೇಳದಿದ್ದರೆ ಕಾವಲುಗಾರ ಹತ್ತು ಸಲ ಹೀಗೆ ಕೂಗಿ ಮೌನವಾಗುತ್ತದೆ.

ಇಂಥ ಒಂದು ಸಾಲಿನ ಮೂಲ ಹುಡುಕುವ ಬಯಲಾದರೂ ಎಷ್ಟು ದೊಡ್ಡದು! 1991ರಲ್ಲಿ ಲೈನಸ್ ಟೊರ್ವಾಲ್ಡ್ಸ್ ಹೊರಬಿಟ್ಟ ಮೊದಲ ಲಿನಕ್ಸ್ ಸುಮಾರು 10,000 ಸಾಲು. 2025ರ ಆರಂಭಕ್ಕೆ ಅದು 4 ಕೋಟಿ ಸಾಲು ದಾಟಿತು, ಅರ್ಧಕ್ಕಿಂತ ಹೆಚ್ಚು ಬರೀ ಡ್ರೈವರುಗಳದು. ಸೆಕೆಂಡಿಗೊಂದು ಸಾಲಿನಂತೆ ನಿದ್ದೆಗೆಟ್ಟು ಓದಿದರೂ 463 ದಿನ. ಓದಿ ಮುಗಿಸುವಷ್ಟರಲ್ಲಿ ಅದು ಬದಲಾಗಿರುತ್ತದೆ: ಒಂಬತ್ತು ಹತ್ತು ವಾರಕ್ಕೊಂದು ಹೊಸ ಆವೃತ್ತಿ, ಆವೃತ್ತಿಗೆ 14,000ದ ಆಸುಪಾಸು ತಿದ್ದುಪಡಿ, ಸರಾಸರಿ ತಾಸಿಗೆ ಒಂಬತ್ತು, ರಾತ್ರಿಯೂ ಸೇರಿ. ಮತ್ತು ಇದು ಯಾವುದೋ ಒಂದು ಮೂಲೆಯ ಸಂಗತಿಯಲ್ಲ. 2021ರಲ್ಲಿ ಗೂಗಲ್ ಹೇಳಿದಂತೆ ಬಳಕೆಯಲ್ಲಿರುವ ಆಂಡ್ರಾಯ್ಡ್ ಸಾಧನಗಳು 300 ಕೋಟಿ ಮೀರಿದ್ದವು, ಎಲ್ಲದರೊಳಗೂ ಇರುವುದು ಇದೇ ಕರ್ನೆಲ್. ಒಂದೊಂದೂ ಗೇಣಿಗಿಂತ ಕಡಿಮೆ, 15 ಸೆಂಟಿಮೀಟರ್ ಎಂದು ತುದಿಗೆ ತುದಿ ಜೋಡಿಸಿದರೆ 4.5 ಲಕ್ಷ ಕಿಲೋಮೀಟರ್. ಚಂದ್ರನನ್ನು ಮುಟ್ಟಿ ಇನ್ನೂ 65,000 ಕಿಲೋಮೀಟರ್ ಉಳಿಯುತ್ತದೆ.

ಇಷ್ಟು ದೊಡ್ಡ ಬಯಲಿನಲ್ಲಿ ತಪ್ಪಿತಸ್ಥ ತಿದ್ದುಪಡಿಯನ್ನು ಹುಡುಕುವ ಉಪಾಯದ ಸಂಖ್ಯೆ ಕೇಳಿದರೆ ಉಳಿದೆಲ್ಲ ಬೆರಗೂ ಸಪ್ಪೆ. ಸರಿಯಿದ್ದ ಹಳೆಯ ಆವೃತ್ತಿ, ಕೆಟ್ಟಿರುವ ಹೊಸ ಆವೃತ್ತಿ ಎರಡನ್ನೂ ಹಿಡಿದು ನಡುವಿನದನ್ನು ಪರೀಕ್ಷಿಸು. ಅಲ್ಲಿಂದ ಉಳಿದರ್ಧವನ್ನು ಮತ್ತೆ ಅರ್ಧ ಮಾಡು. 14,000 ತಿದ್ದುಪಡಿಯಲ್ಲಿ ಒಂದನ್ನು ಹಿಡಿಯಲು 14 ಪರೀಕ್ಷೆ ಸಾಕು! 2020ರಲ್ಲಿ ಲಿನಕ್ಸಿನ ತಿದ್ದುಪಡಿಗಳು 10 ಲಕ್ಷ ದಾಟಿದವು, ಅದಕ್ಕೆ 20. ಭೂಮಿಯ 800 ಕೋಟಿ ಜನರಲ್ಲಿ ಒಬ್ಬರನ್ನು ಹಿಡಿಯಬೇಕೆಂದರೂ 33 ಸಲ ಅರ್ಧ ಮಾಡಿದರೆ ಮುಗಿಯಿತು. ಬರೀ ಗಣಿತದ ಕೈಚಳಕ ಎನ್ನಿಸಬಹುದು, ಆದರೆ ಪ್ರತಿ ಪರೀಕ್ಷೆಗೂ ಕರ್ನೆಲ್ ಹೊಸದಾಗಿ ಕಟ್ಟಬೇಕು, ಕಂಪ್ಯೂಟರ್ ಮತ್ತೆ ಎಬ್ಬಿಸಬೇಕು, ಪೆನ್ ಡ್ರೈವ್ ಸಿಕ್ಕಿಸಿ ಮತ್ತೆ ಕೀಳಬೇಕು.

ಕೀಳುವುದಕ್ಕೂ ಒಂದು ಲೆಕ್ಕವಿದೆ. ಮಾಮೂಲಿ ಚಪ್ಪಟೆ ಯುಎಸ್‌ಬಿ ಪೋರ್ಟಿಗೆ ನಿಗದಿಯಾದ ಕನಿಷ್ಠ ಬಾಳಿಕೆ 1,500 ಸಲ ಸಿಕ್ಕಿಸಿ ಕೀಳುವುದು. ಈಗಿನ ಟೈಪ್ ಸಿ ಪೋರ್ಟಿಗೆ 10,000. ಈ ಬಾಳಿಕೆಯನ್ನು ದೋಷಗಳ ಎಣಿಕೆಯೊಡನೆ ಹೋಲಿಸಿ ನೋಡಿ: 2017ರ ನವೆಂಬರಿನಲ್ಲಿ ಗೂಗಲ್ಲಿನ ಆಂಡ್ರೇ ಕೊನೊವಾಲೊವ್ ಲಿನಕ್ಸಿನ ಯುಎಸ್‌ಬಿ ಡ್ರೈವರುಗಳಲ್ಲಿ ತಾವು ಹಿಡಿದ ದೋಷಗಳನ್ನು ಲೋಕದ ಮುಂದಿಟ್ಟರು. ಒಟ್ಟು 79. ಅವುಗಳಲ್ಲಿ ಹಲವು, ಬಿಟ್ಟುಕೊಟ್ಟ ಮೆಮೊರಿಯನ್ನು ಮತ್ತೆ ಮುಟ್ಟುವ ತಪ್ಪು. ಒಂದೊಂದರ ಹುಟ್ಟನ್ನೂ 20 ಪರೀಕ್ಷೆಯಿಂದ ಕೈಯಾರೆ ಹುಡುಕಲು ಹೊರಟರೆ 1,580 ಸಲ ಕೀಳಬೇಕು. ಚಪ್ಪಟೆ ಪೋರ್ಟಿನ ಬಾಳಿಕೆಯೇ ಅಷ್ಟಿಲ್ಲ! ಅವರು ಬಳಸಿದ ಸಿಜ್‌ಕಾಲರ್ ಎಂಬ ತಂತ್ರಾಂಶ ಒಂದು ತಂತಿಯನ್ನೂ ಮುಟ್ಟಲಿಲ್ಲ. ಇಲ್ಲದ ಸಾಧನಗಳನ್ನು ಕಂಪ್ಯೂಟರಿನೊಳಗೇ ಹುಟ್ಟಿಸಿ, ಸಿಕ್ಕಿಸಿ, ಕಿತ್ತು ನೋಡಿತು. ಮುಂದಿನ ಕೆಲವು ವರ್ಷಗಳಲ್ಲಿ ಅದು ಹಿಡಿದ ಯುಎಸ್‌ಬಿ ದೋಷಗಳ ಸಂಖ್ಯೆ 300 ದಾಟಿತು. ಕೈಯಿಂದ ಮಾಡಿದ್ದರೆ 6,000 ಸಲ ಕೀಳಬೇಕಿತ್ತು, ನಾಲ್ಕು ಪೋರ್ಟು ಸವೆಯುತ್ತಿದ್ದವು.